ಭೇದಿ ನಿಂತರೆ ಸಾಕೇ? ಓಆರ್‌ಎಸ್ ಗೊಂದಲ ಮತ್ತು ಆಮಶಂಕೆಯ ನಿಜವಾದ ಲೆಕ್ಕ

2025ರ ಅಕ್ಟೋಬರ್ 14. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳು. ಅತ್ತ ದೆಹಲಿಯಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಒಂದು ಆದೇಶ ಹೊರಡಿಸಿತು. ಹಣ್ಣಿನ ರಸವಿರಲಿ, ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಯಾವುದೇ ಪಾನೀಯವಿರಲಿ, ಅದರ ಹೆಸರಿನ ಹಿಂದೆ ಮುಂದೆ ಎಲ್ಲೂ ‘ಓಆರ್‌ಎಸ್’ ಎಂಬ ಅಕ್ಷರಗಳು ಇರಕೂಡದು ಎಂಬುದು ಅದರ ತಿರುಳು. ಓಆರ್‌ಎಸ್ ಎಂದರೆ ಭೇದಿಯಲ್ಲಿ ದೇಹ ಕಳೆದುಕೊಳ್ಳುವ ನೀರು, ಉಪ್ಪನ್ನು ತುಂಬಲು ನೀರಿಗೆ ಕಲಸಿ ಕುಡಿಸುವ ಪುಡಿ. ಸುದ್ದಿ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಮೊಟಕಾಗಿ ‘ಓಆರ್‌ಎಸ್ ಬ್ಯಾನ್ ಆಯಿತಂತೆ’ ಎಂದಾಯಿತು. ಮಗುವಿಗೆ ಭೇದಿಯಾದಾಗ ಪುಡಿ ಕಲಸಿ ಕುಡಿಸುತ್ತಿದ್ದ ಮನೆಯಲ್ಲಿ ಈಗ ಕುಡಿಸಬೇಕೋ ಬೇಡವೋ ಎಂಬ ಅನುಮಾನ ಹುಟ್ಟಿದೆ.

ಕುಡಿಸಬೇಕು. ನಿಷೇಧವಾದದ್ದು ಓಆರ್‌ಎಸ್ ಅಲ್ಲ, ಓಆರ್‌ಎಸ್ ಅಲ್ಲದ ಪಾನೀಯಕ್ಕೆ ಆ ಹೆಸರನ್ನು ಅಂಟಿಸಿ ಮಾರುವುದು.

ಗೊಂದಲ ಬಂದದ್ದು ಹೇಗೆ

ಪ್ರಾಧಿಕಾರವೇ 2022ರ ಜುಲೈ ಮತ್ತು 2024ರ ಫೆಬ್ರುವರಿಯ ಆದೇಶಗಳಲ್ಲಿ ಒಂದು ಸಡಿಲ ಬಿಟ್ಟಿತ್ತು. ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಸೂತ್ರವಲ್ಲ’ ಎಂದು ಡಬ್ಬಿಯ ಮೇಲೆ ಬರೆದರೆ ಸಾಕು, ಕಂಪನಿಗಳು ತಮ್ಮ ಬ್ರ್ಯಾಂಡ್ ಹೆಸರಿನೊಳಗೆ ಆ ಮೂರು ಅಕ್ಷರಗಳನ್ನು ಸೇರಿಸಿಕೊಳ್ಳಬಹುದಿತ್ತು. ಹೆಸರು ದಪ್ಪಕ್ಷರದಲ್ಲಿ, ಎಚ್ಚರಿಕೆ ಸಣ್ಣಕ್ಷರದಲ್ಲಿ. ಮೆಡಿಕಲ್ ಶಾಪಿನಲ್ಲಿ ‘ಓಆರ್‌ಎಸ್ ಕೊಡಿ’ ಎಂದವರ ಕೈಗೆ ಸಿಹಿ ಪಾನೀಯದ ಡಬ್ಬಿ ಬರಲು ಇಷ್ಟು ಸಾಕಾಯಿತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ದನಿಯೆತ್ತಿದರು. ಕೊನೆಗೆ ಪ್ರಾಧಿಕಾರ ಆ ಎರಡೂ ಆದೇಶಗಳನ್ನು ಹಿಂದಕ್ಕೆ ಪಡೆಯಿತು. ಇದನ್ನು ಪ್ರಶ್ನಿಸಿ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಎಚ್ಚರಿಕೆಯ ಸಾಲು ಮುದ್ರಿಸಿಯೇ ಮಾರುತ್ತಿದ್ದೆವು, ಅನುಮತಿ ಕೊಟ್ಟವರೇ ಏಕಾಏಕಿ ಕಿತ್ತುಕೊಂಡರೆ ಹೇಗೆ ಎಂಬುದು ಅವರ ವಾದ. ಕಾಯಿಲೆಯ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದ ತಾಯಿ ಸಣ್ಣಕ್ಷರ ಓದುತ್ತಾಳೆಯೇ ಎಂಬುದು ವೈದ್ಯರ ಪ್ರಶ್ನೆ. ಈ ವಿಷಯದಲ್ಲಿ ವೈದ್ಯರ ಮಾತೇ ಸರಿ. ಕಾರಣ ಸಕ್ಕರೆಯ ಲೆಕ್ಕದಲ್ಲಿದೆ.

ಸಕ್ಕರೆ ಹೆಚ್ಚಿದರೆ ನೀರು ಹೊರಗೆ

ಸಣ್ಣ ಕರುಳಿನ ಒಳಗೋಡೆಯಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಗೆ ಹೋಗುವ ಬಾಗಿಲಿದೆ. ಇವೆರಡೂ ಒಳಸೇರಿದಾಗ ನೀರು ಅವುಗಳ ಹಿಂದೆ ಹೋಗುತ್ತದೆ. ಭೇದಿ ಎಷ್ಟೇ ಜೋರಾಗಿದ್ದರೂ ಈ ಬಾಗಿಲು ಸಾಮಾನ್ಯವಾಗಿ ಕೆಡುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಈ ಒಂದೇ ಆಧಾರದ ಮೇಲೆ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವ ಸೂತ್ರದಲ್ಲಿ 1 ಲೀಟರ್ ನೀರಿಗೆ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಒಟ್ಟು 20.5 ಗ್ರಾಂ.

ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಾಗಿ, ಉಪ್ಪು ಬಹಳ ಕಡಿಮೆಯಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಹೀರಲಾಗದ ಸಕ್ಕರೆ ಕರುಳಿನಲ್ಲೇ ಉಳಿದು ರಕ್ತದಿಂದ ನೀರನ್ನು ತನ್ನೆಡೆಗೆ ಎಳೆಯುತ್ತದೆ. ಭೇದಿ ಮತ್ತಷ್ಟು ನೀರಾಗುತ್ತದೆ. ಕುಡಿಸಿದಷ್ಟೂ ಮಗು ಒಣಗುತ್ತದೆ.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಗ್ಲೂಕೋಸ್ ಬಾಟಲಿಗಳು ಸಾಲದೇ ಹೋದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅಂದು ಕೆಲಸ ಮಾಡಿದ್ದು ಅಳತೆ.

ಆದ್ದರಿಂದ ಅಂಗಡಿಯಲ್ಲಿ ಡಬ್ಬಿಯ ಹೆಸರು ನೋಡಬೇಡಿ, ಬೆನ್ನು ನೋಡಿ. ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಸಂಖ್ಯೆ ಇದ್ದರೆ ಅದು ಆಹಾರ ಪದಾರ್ಥ. ನಿಜವಾದ ಓಆರ್‌ಎಸ್ ಔಷಧಿಯಾಗಿ ತಯಾರಾಗುತ್ತದೆ. ‘ಓರಲ್ ರೀಹೈಡ್ರೇಷನ್ ಸಾಲ್ಟ್ಸ್ ಐಪಿ’ (ಐಪಿ ಎಂದರೆ ಇಂಡಿಯನ್ ಫಾರ್ಮಕೋಪಿಯಾ, ದೇಶದ ಔಷಧ ಮಾನಕ) ಎಂಬ ಬರಹ, ಮೇಲಿನ ನಾಲ್ಕು ಪದಾರ್ಥಗಳ ತೂಕ, ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಅದರ ಮೇಲಿರುತ್ತವೆ. ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಪುಕ್ಕಟೆ ಸಿಗುತ್ತದೆ.

ಕಲಸುವಾಗ ಆಗುವ ದೊಡ್ಡ ತಪ್ಪು ಒಂದಿದೆ. 1 ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದು, ಅಥವಾ ‘ಸ್ವಲ್ಪ ಸಾಕು’ ಎಂದು ಕಣ್ಣಳತೆಯಲ್ಲಿ ಚೂರು ಚೂರು ಹಾಕುವುದು. ಮೊದಲನೆಯದರಲ್ಲಿ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ಎರಡನೆಯದರಲ್ಲಿ ಉಪ್ಪು ಸಾಲದು. ಪೂರ್ತಿ ಪೊಟ್ಟಣ, ಪೂರ್ತಿ 1 ಲೀಟರ್. 200 ಮಿ.ಲೀ.ಗೆಂದೇ ಬರುವ ಸಣ್ಣ ಪೊಟ್ಟಣವೂ ಉಂಟು, ಅದನ್ನು ಓದಿಕೊಂಡು ಕಲಸಬೇಕು. ನೀರನ್ನು ಮೊದಲೇ ಕುದಿಸಿ ಆರಿಸಬೇಕು; ಕಲಸಿದ ಮೇಲೆ ಕುದಿಸಬಾರದು, 24 ಗಂಟೆ ಕಳೆದರೆ ಚೆಲ್ಲಬೇಕು. ಪೊಟ್ಟಣವೇ ಇಲ್ಲದಿದ್ದರೆ 1 ಲೀಟರ್ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ., ದೊಡ್ಡವರಿಗೆ ಕುಡಿದಷ್ಟು. ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಬೇಕು.

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಎಳನೀರಿಗೆ ಬರವಿಲ್ಲ. ಅದು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಓಆರ್‌ಎಸ್ ಜೊತೆಗೆ ಎಳನೀರು ಸರಿ, ಓಆರ್‌ಎಸ್ ಬದಲಿಗೆ ಅಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ಅದು ನಿಲ್ಲಿಸಲೆಂದು ಇರುವುದೂ ಅಲ್ಲ. ‘ಎರಡು ಪೊಟ್ಟಣ ಕುಡಿಸಿದೆವು, ನಿಲ್ಲಲಿಲ್ಲ’ ಎಂದು ಬಿಟ್ಟುಬಿಡುವವರು ತಪ್ಪು ಅಳತೆಗೋಲು ಹಿಡಿದಿದ್ದಾರೆ. ನೋಡಬೇಕಾದದ್ದು ಮೂತ್ರ ಬರುತ್ತಿದೆಯೇ, ಬಾಯಿ ಒದ್ದೆಯಾಗಿದೆಯೇ, ಮಗು ಎಚ್ಚರವಾಗಿದೆಯೇ ಎಂಬುದನ್ನು. ಈ ‘ನಿಂತಿತೇ’ ಎಂಬ ಪ್ರಶ್ನೆಯೇ ಆಮಶಂಕೆಯಲ್ಲಿ ಇನ್ನೂ ದೊಡ್ಡ ದಾರಿ ತಪ್ಪಿಸುತ್ತದೆ.

ರಕ್ತ, ಲೋಳೆ ಕಂಡರೆ ಕಾಯಿಲೆ ಬೇರೆ

ಆಮಶಂಕೆ ಎಂಬ ಹೆಸರಿನೊಳಗೇ ಲಕ್ಷಣಗಳಿವೆ. ಆಮವೆಂದರೆ ಲೋಳೆ, ಶಂಕೆಯೆಂದರೆ ವಿಸರ್ಜನೆಯ ಒತ್ತಡ. ನೀರಿನಂಥ ಭೇದಿಯಲ್ಲಿ ಮಲ ಹೆಚ್ಚು ಹೋಗುತ್ತದೆ. ಆಮಶಂಕೆಯಲ್ಲಿ ಸಲ ಹೆಚ್ಚು, ಮಲ ಕಡಿಮೆ. ಹೊಟ್ಟೆ ನುಲಿಯುತ್ತದೆ, ಓಡಿಹೋಗಿ ಕೂತರೆ ತಿಣುಕಿದಷ್ಟೂ ಒಂದಿಷ್ಟು ಲೋಳೆ, ರಕ್ತ. ಎದ್ದು ಬಂದರೆ ಮತ್ತೆ ಹೋಗಬೇಕೆನಿಸುತ್ತದೆ. ದೊಡ್ಡ ಕರುಳಿನ ಒಳಪದರ ಹುಣ್ಣಾಗಿರುವುದರ ಗುರುತಿದು.

ಇದನ್ನು ಮಾಡುವವು ಮುಖ್ಯವಾಗಿ ಎರಡು. ಒಂದು ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಕಂಡುಹಿಡಿದದ್ದು. ಇನ್ನೊಂದು ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಅಮೀಬಾ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1875ರಲ್ಲಿ ಫ್ಯೋದರ್ ಲ್ಯೋಶ್ ಇದನ್ನು ವಿವರಿಸಿದರು. ಹೊರಗಿನಿಂದ ಒಂದೇ ಕಾಯಿಲೆಯಂತೆ ಕಂಡರೂ ಇವೆರಡರ ನಡೆ ಬೇರೆ, ಔಷಧಿಯೂ ಬೇರೆ.

ಶಿಗೆಲ್ಲಾ ಆತುರದ್ದು. ಹೊಟ್ಟೆ ಸೇರಿದ ಒಂದರಿಂದ ಮೂರು ದಿನದಲ್ಲಿ ಜ್ವರದೊಂದಿಗೆ ಎದ್ದುಬರುತ್ತದೆ, ಮಕ್ಕಳಲ್ಲಿ ಜ್ವರ ಜೋರು. ಸಾಮಾನ್ಯವಾಗಿ 5ರಿಂದ 7 ದಿನದಲ್ಲಿ ಇಳಿಯುತ್ತದೆ. ಆದರೆ ಕೆಲವು ತಳಿಗಳು ಬಿಡುವ ವಿಷದಿಂದ ಮೂತ್ರಪಿಂಡ ಕೆಡುವುದೂ ಉಂಟು. ಅಮೀಬಾ ನಿಧಾನದ್ದು. ಎರಡರಿಂದ ನಾಲ್ಕು ವಾರ ಕಳೆದು, ಒಂದು ದಿನ ಸರಿ, ಒಂದು ದಿನ ಕೆಟ್ಟು ಎಂಬಂತೆ ಎಳೆದಾಡುತ್ತದೆ. ಜ್ವರ ಹಲವರಿಗೆ ಇರುವುದೇ ಇಲ್ಲ. ಅದು ದೇಹ ಸೇರಿದವರಲ್ಲಿ 10ರಲ್ಲಿ 9 ಮಂದಿಗೆ ಯಾವ ತೊಂದರೆಯೂ ಆಗುವುದಿಲ್ಲ. ಆದರೂ ಅವರ ಮಲದಲ್ಲಿ ಅಮೀಬಾದ ಕೋಶಗಳು (ಚಿಪ್ಪು ಕಟ್ಟಿಕೊಂಡ ಅಮೀಬಾ, ಇಂಗ್ಲಿಷಿನಲ್ಲಿ ಸಿಸ್ಟ್) ಹೊರಬಿದ್ದು ಬೇರೆಯವರಿಗೆ ದಾಟಬಲ್ಲವು.

ಮಲದಲ್ಲಿ ಕಂಡ ರಕ್ತವೆಲ್ಲ ಆಮಶಂಕೆಯಲ್ಲ ಎಂಬುದೂ ನೆನಪಿರಲಿ. ಮೂಲವ್ಯಾಧಿಯಲ್ಲಿ ಗಟ್ಟಿ ಮಲದ ಮೇಲೆ ಕೆಂಪು ರಕ್ತ ಹನಿಯುತ್ತದೆ. ವಾರಗಟ್ಟಲೆ ರಕ್ತ ಹೋಗುತ್ತಾ ತೂಕ ಇಳಿಯುತ್ತಿದ್ದರೆ ಕರುಳಿನ ಉರಿಯೂತವನ್ನೂ, 40 ದಾಟಿದವರಲ್ಲಿ ಕ್ಯಾನ್ಸರನ್ನೂ ಪರೀಕ್ಷೆ ಮಾಡಿಸಿ, ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಳೆ ಕೂಸು ಬಿಟ್ಟುಬಿಟ್ಟು ಕಿರುಚಿ ಅಳುತ್ತಾ, ವಾಂತಿ ಮಾಡುತ್ತಾ, ಕೆಂಪು ಜೆಲ್ಲಿಯಂಥದ್ದು ಹೋದರೆ ಕರುಳೊಳಗೆ ಕರುಳು ಸಿಕ್ಕಿಕೊಂಡಿರಬಹುದು. ಅದಕ್ಕೆ ಮನೆಯಲ್ಲಿ ಮದ್ದಿಲ್ಲ, ಆ ಗಂಟೆಯಲ್ಲೇ ಆಸ್ಪತ್ರೆ.

ತಡೆ ಹಾಕುವ ಮಾತ್ರೆ ಏಕೆ ಬೇಡ

ಬಸ್ಸಿನ ಪ್ರಯಾಣಕ್ಕೆ ಮುಂಚೆ ನುಂಗುವ ಲೊಪೆರಮೈಡ್ ಮಾತ್ರೆ ಕರುಳಿನ ಚಲನೆಯನ್ನೇ ಕುಗ್ಗಿಸುತ್ತದೆ. ಬರೀ ನೀರು ಭೇದಿಯಲ್ಲಿ ದೊಡ್ಡವರಿಗೆ ಅದರಿಂದ ಅನುಕೂಲವಿದೆ. ರಕ್ತ, ಜ್ವರ ಇದ್ದಾಗ ಮಾತ್ರ ಅದು ಕೆಡುಕು. ಹುಣ್ಣಾದ ಕರುಳಿನೊಳಗೆ ರೋಗಾಣು ಮತ್ತು ಅದರ ವಿಷ ಹೆಚ್ಚು ಹೊತ್ತು ನಿಲ್ಲುತ್ತದೆ, ಕರುಳು ಊದಿಕೊಂಡು ತೂತು ಬೀಳುವ ಅಪಾಯವೂ ಇದೆ. ಸಂಡಾಸಿಗೆ ಓಡುವುದು ನಿಂತಿದ್ದರಿಂದ ರೋಗಿ ಗುಣವಾದೆನೆಂದುಕೊಳ್ಳುತ್ತಾನೆ, ಒಳಗೆ ಕಾಯಿಲೆ ಬಲಿಯುತ್ತಿರುತ್ತದೆ. ಮಕ್ಕಳಿಗಂತೂ ಇದನ್ನು ಕೊಡಲೇಬಾರದು.

ಮನೆಮದ್ದಿನ ಪಾಲು ಎಷ್ಟು

ಮಲೆನಾಡಿನಲ್ಲಿ ಹೊಟ್ಟೆ ಕೆಟ್ಟರೆ ಮೊದಲು ನೆನಪಾಗುವುದು ಕೊಡಸಿಗೆ. ಸಂಸ್ಕೃತದಲ್ಲಿ ಕುಟಜ. ಸಸ್ಯಶಾಸ್ತ್ರ ಇಟ್ಟ ಹೆಸರು ಹೊಲರೀನಾ ಆಂಟಿಡಿಸೆಂಟೆರಿಕಾ. ಹೆಸರಿನ ಎರಡನೇ ಭಾಗದ ಅರ್ಥವೇ ಆಮಶಂಕೆ ಕಳೆಯುವಂಥದ್ದು ಎಂದು. ತೊಗಟೆಯಲ್ಲಿ ಕೊನೆಸ್ಸಿನ್ ಎಂಬ ಕ್ಷಾರಾಂಶವಿದೆ, ಅಮೀಬಾದ ಮೇಲೆ ಅದರ ಪರಿಣಾಮವನ್ನು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಹಾಗಾದರೆ ತೊಗಟೆ ಕುದಿಸಿ ಕುಡಿದರೆ ಆಯಿತಲ್ಲ ಎನ್ನಬಹುದು. ತೊಡಕುಗಳಿವೆ.

ಮೊದಲನೆಯದು ಗಿಡದ ಗುರುತು. ಕೊಡಸಿಗೆ ಎಂದು ಕಿತ್ತು ತರುವ, ಅಂಗಡಿಯಲ್ಲೂ ಬೆರಕೆಯಾಗುವ ಇನ್ನೊಂದು ಮರವಿದೆ, ರೈಟಿಯಾ ಜಾತಿಯದು. ಅದಕ್ಕೂ ಬಿಳಿ ಹೂ, ಅದರಲ್ಲೂ ಹಾಲು, ಕಾಯಿಗಳೂ ಜೋಡಿ ಜೋಡಿ. ನಾಲಿಗೆಗೆ ಹಚ್ಚಿದರೆ ವ್ಯತ್ಯಾಸ ತಿಳಿಯುತ್ತದೆ. ನಿಜವಾದ ಕುಟಜದ ತೊಗಟೆ, ಬೀಜ ಎರಡೂ ಕಡುಕಹಿ. ರೈಟಿಯಾ ಬೀಜಕ್ಕೆ ಆ ಕಹಿಯಿಲ್ಲ. ಎರಡನೆಯದು ಪ್ರಮಾಣ. ಒಂದು ಮರದಿಂದ ಇನ್ನೊಂದಕ್ಕೆ, ಎಳೆಯದರಿಂದ ಬಲಿತದ್ದಕ್ಕೆ ಸತ್ವ ಬದಲಾಗುವುದರಿಂದ ಚಕ್ಕೆ ಎಣಿಸಿ ಕಷಾಯ ಮಾಡಿದರೆ ಎಷ್ಟು ಔಷಧಿ ಹೊಟ್ಟೆಗೆ ಹೋಯಿತೆಂದು ಹೇಳಲಾಗದು. ಇದೇ ಕುಟಜದಿಂದ ಮಾಡುವ ಆಯುರ್ವೇದದ ಕುಟಜಾರಿಷ್ಟ ಹುದುಗಿಸಿದ ಔಷಧಿ, ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಕೊಡುವಂಥದ್ದಲ್ಲ.

ಆದರೆ ಹೂವಿನ ಮಾತು ಬೇರೆ. ಒಣಗಿಸಿಟ್ಟ ಕೊಡಸಿಗೆ ಹೂ ಒಂದು ಚಮಚ, ತುಪ್ಪದಲ್ಲಿ ಬಾಡಿಸಿ, ಕಾಲು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಒಂದು ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಬೆರೆಸಿದ ತಂಬುಳಿ ಔಷಧಿಗಿಂತ ಹೆಚ್ಚಾಗಿ ಆಹಾರ. ಹೊಟ್ಟೆ ಸುಧಾರಿಸಿಕೊಳ್ಳುವ ದಿನಗಳಲ್ಲಿ ಮೆತ್ತಗಿನ ಅನ್ನದ ಜೊತೆ ಅದು ಚೆನ್ನಾಗಿ ಹೋಗುತ್ತದೆ. ಒಳಗೆ ಹುಣ್ಣಿರುವಾಗ ಮೆಣಸು ಕಡಿಮೆ ಮಾಡಿಕೊಂಡರಾಯಿತು.

ದಾಳಿಂಬೆ ಸಿಪ್ಪೆ, ಸೀಬೆ ಚಿಗುರು, ಕಪ್ಪು ಟೀಗೆ ನಿಂಬೆಹುಳಿ ಇವೆಲ್ಲ ಒಗರಿನ ಬಳಗ. ಒಗರು ಕೊಡುವ ಟ್ಯಾನಿನ್ ಕರುಳಿನ ಒಳಮೈಯನ್ನು ಬಿಗಿಗೊಳಿಸಿ, ಒಸರುವ ನೀರನ್ನು ಕಡಿಮೆ ಮಾಡುತ್ತದೆ. ಎರಡು ಸಲ ಕುಡಿದರೆ ನಾಲ್ಕು ಸಲ ಹೋಗುವವರು ಎರಡು ಸಲ ಹೋಗಬಹುದು. ರೋಗಾಣು ಇದ್ದಲ್ಲೇ ಇರುತ್ತದೆ. ಮಲ ಕಡಿಮೆಯಾಯಿತೆಂದು ಆಸ್ಪತ್ರೆಗೆ ಹೋಗುವುದನ್ನು ನಾಲ್ಕು ದಿನ ಮುಂದೂಡುವುದೇ ಇಲ್ಲಿನ ನಷ್ಟ.

ಈ ಮಾತನ್ನು ಇಂಗ್ಲಿಷ್ ಮದ್ದಿನವರು ಮಾತ್ರ ಹೇಳುತ್ತಿಲ್ಲ. ಆಯುರ್ವೇದವೂ ಅತಿಸಾರವನ್ನು ಆಮ, ಪಕ್ವ ಎಂದು ಭಾಗ ಮಾಡುತ್ತದೆ. ರಕ್ತಾತಿಸಾರವನ್ನೂ, ತಿಣುಕಿ ಲೋಳೆ ಹೋಗುವ ಪ್ರವಾಹಿಕೆಯನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಆಮವಿರುವ ಹಂತದಲ್ಲಿ ಮೊದಲೇ ಸ್ತಂಭನ ಔಷಧಿ, ಅಂದರೆ ಕಟ್ಟು ಹಾಕುವ ಔಷಧಿ ಕೊಡಬಾರದೆಂದು ಚರಕ ಸಂಹಿತೆ ಕಟ್ಟುನಿಟ್ಟಾಗಿ ಹೇಳಿದೆ. ಕಟ್ಟಿದರೆ ದೋಷ ಒಳಗೇ ನಿಂತು ಬೇರೆ ರೋಗಗಳಾಗುತ್ತವೆ ಎಂಬುದು ಅದು ಕೊಡುವ ಕಾರಣ. ಲೊಪೆರಮೈಡ್ ಬಗ್ಗೆ ಇವತ್ತಿನ ವೈದ್ಯರು ಹೇಳುವ ಮಾತೂ ಹೆಚ್ಚೂಕಡಿಮೆ ಇದೇ. ಎರಡು ಪದ್ಧತಿಗಳ ಜಗಳದ ನಡುವೆ ಈ ಒಪ್ಪಂದ ಜನರ ಗಮನಕ್ಕೆ ಬಂದಿಲ್ಲ, ಬರಬೇಕು.

ಮನೆಯ ಅಡುಗೆಮನೆಯಲ್ಲಿ ನಿಜಕ್ಕೂ ತೂಕವಿರುವ ಮದ್ದೆಂದರೆ ಬಾಳೆಕಾಯಿ ಮತ್ತು ಗಂಜಿ. ಬಾಂಗ್ಲಾದೇಶದಲ್ಲಿ ಶಿಗೆಲ್ಲಾ ಆಮಶಂಕೆಯಾದ ಮಕ್ಕಳಿಗೆ ಔಷಧಿಯ ಜೊತೆಯಲ್ಲೇ ಬೇಯಿಸಿದ ಬಾಳೆಕಾಯಿ ಸೇರಿಸಿದ ಆಹಾರ ಕೊಟ್ಟು ಹೋಲಿಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬಾಳೆಕಾಯಿ ತಿಂದ ಮಕ್ಕಳಲ್ಲಿ ರಕ್ತ, ಲೋಳೆ ಬೇಗ ಕಡಿಮೆಯಾದವು. ಹೇಗೆಂದರೆ, ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಬಂದು ಬೀಳುತ್ತದೆ. ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಊಟ. ಹುಣ್ಣು ಮಾಯಲು, ನೀರು ಹೀರಲು ಅದರಿಂದ ಬಲ ಬರುತ್ತದೆ. ಬಲಿತ ಬಾಳೆಕಾಯಿಯನ್ನು ಸಿಪ್ಪೆಯೊಂದಿಗೆ ಮೆತ್ತಗಾಗುವವರೆಗೆ ಬೇಯಿಸಿ, ಸುಲಿದು, ಕಿವುಚಿ, ಉಪ್ಪು ಹಾಕಿದ ಅಕ್ಕಿ ಗಂಜಿಗೆ ಸೇರಿಸಿದರೆ ಮುಗಿಯಿತು. ಹಣ್ಣಾದ ಬಾಳೆಯಲ್ಲಿ ಆ ಪಿಷ್ಟ ಸಕ್ಕರೆಯಾಗಿಬಿಟ್ಟಿರುತ್ತದೆ, ಅದರಿಂದ ಈ ಕೆಲಸವಾಗದು.

ಗಂಜಿಗೂ ಅಳತೆಯಿದೆ. 1 ಲೀಟರ್ ನೀರಿಗೆ ಸುಮಾರು 50 ಗ್ರಾಂ ಅಕ್ಕಿ ಹಿಟ್ಟು, ಅರ್ಧ ಟೀ ಚಮಚ ಉಪ್ಪು. ಉಪ್ಪಿಲ್ಲದ ಗಂಜಿ ಹೊಟ್ಟೆಗೆ ಹಿತ ಅಷ್ಟೇ, ನೀರಿನ ನಷ್ಟ ತುಂಬದು. ಮಜ್ಜಿಗೆ ಸರಿ, ಹಾಲು ಕೆಲವರಿಗೆ ಕೆಲ ದಿನ ಅರಗದು. ಎದೆಹಾಲು ಮಾತ್ರ ನಿಲ್ಲಿಸಲೇಬಾರದು. ಉಪವಾಸ ಕೆಡವಿದರೆ ಕರುಳಿನ ಪದರ ಕಟ್ಟಿಕೊಳ್ಳುವುದು ನಿಧಾನವಾಗುತ್ತದೆ. ಹಸುಗೂಸಿಗೆ ಜಾಯಿಕಾಯಿ ತೇಯ್ದು ನೆಕ್ಕಿಸುವ ರೂಢಿಯನ್ನು ಬಿಡುವುದು ಒಳ್ಳೆಯದು. ಅದರಲ್ಲಿರುವ ಮಿರಿಸ್ಟಿಸಿನ್ ಪ್ರಮಾಣ ಮೀರಿದರೆ ಮಂಪರು ತರುತ್ತದೆ. ಮಗು ನಿದ್ದೆ ಮಾಡುತ್ತಿದೆಯೋ ನೀರಿಲ್ಲದೆ ಸೋತು ಬಿದ್ದಿದೆಯೋ ಆಗ ತಿಳಿಯುವುದಿಲ್ಲ.

ಪರೀಕ್ಷೆ, ಮಾತ್ರೆ, ಅರ್ಧಕ್ಕೆ ಬಿಡುವುದು

ವೈದ್ಯರಲ್ಲೇ ಎರಡು ಅಭಿಪ್ರಾಯವಿರುವ ಜಾಗವಿದು. ರಕ್ತಭೇದಿ ಕಂಡ ಕೂಡಲೇ ಶಿಗೆಲ್ಲಾ ಎಂದೇ ಹಿಡಿದು ಔಷಧಿ ಆರಂಭಿಸಬೇಕು, ಮಕ್ಕಳಲ್ಲಿ ಕಾಯುವುದು ಅಪಾಯ ಎಂಬುದು ಒಂದು ನಿಲುವು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹಾಗೇ ಇದೆ. ಪರೀಕ್ಷೆಯಿಲ್ಲದೆ ಆಂಟಿಬಯೋಟಿಕ್ ಕೊಟ್ಟೂ ಕೊಟ್ಟೂ ಔಷಧಿಯೇ ಮೊಂಡಾಗುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿದೆ. ಸಿಪ್ರೊಫ್ಲೊಕ್ಸಾಸಿನ್ ಗುಂಪಿಗೆ ಬಗ್ಗದ ಶಿಗೆಲ್ಲಾವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ತನ್ನ ಆದ್ಯತೆಯ ರೋಗಾಣುಗಳ ಪಟ್ಟಿಗೆ ಸೇರಿಸಿತು, 2024ರ ಪಟ್ಟಿಯಲ್ಲೂ ಅದು ಇದೆ. ಹೀಗಾಗಿ ಅಜಿತ್ರೊಮೈಸಿನ್, ಸೆಫ್ಟ್ರಿಯಾಕ್ಸೋನ್‌ಗಳತ್ತ ವೈದ್ಯರು ಸರಿದಿದ್ದಾರೆ.

ಇವೆರಡಕ್ಕಿಂತ ಕೆಟ್ಟದ್ದು ಅಂಗಡಿಯಲ್ಲೇ ಕೇಳಿ ಪಡೆಯುವ, ಅಮೀಬಾಕ್ಕೊಂದು ಬ್ಯಾಕ್ಟೀರಿಯಾಕ್ಕೊಂದು ಔಷಧಿ ಬೆರೆತ ಮಾತ್ರೆ. ಯಾವುದಕ್ಕೆಂದು ತಿಳಿಯದೆ ಎರಡೂ ನುಂಗುವುದು, ಎರಡನೇ ದಿನ ಹೊಟ್ಟೆ ಹಗುರಾದರೆ ಬಿಟ್ಟುಬಿಡುವುದು. ಸಾಯದೆ ಉಳಿದ ರೋಗಾಣು ಆ ಔಷಧಿಯ ಪರಿಚಯ ಮಾಡಿಕೊಂಡಿರುತ್ತದೆ.

ಅಮೀಬಾಕ್ಕೆ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಮುಗಿದ ಮೇಲೆ ಇನ್ನೊಂದು ಹಂತವಿದೆ, ಬಹಳ ಜನಕ್ಕೆ ಅದು ಗೊತ್ತೇ ಇಲ್ಲ. ಆ ಮಾತ್ರೆ ಕರುಳಿನ ಗೋಡೆಯೊಳಗೆ ಹೊಕ್ಕ ಅಮೀಬಾವನ್ನು ಕೊಲ್ಲುತ್ತದೆ. ಕರುಳಿನ ಕೊಳವೆಯಲ್ಲೇ ಉಳಿದ ಕೋಶಗಳನ್ನು ಪೂರ್ತಿ ತೆಗೆಯುವುದಿಲ್ಲ. ಅದಕ್ಕೆ ಡೈಲಾಕ್ಸನೈಡ್ ಫ್ಯೂರೊಯೇಟ್‌ನಂಥ ಔಷಧಿಯನ್ನು ಬೇರೆಯಾಗಿ, ಸಾಮಾನ್ಯವಾಗಿ 10 ದಿನ ತೆಗೆದುಕೊಳ್ಳಬೇಕು. ‘ನನಗೆ ವರ್ಷಕ್ಕೆರಡು ಸಲ ಆಮಶಂಕೆ ಮರುಕಳಿಸುತ್ತದೆ’ ಎನ್ನುವವರು ಈ ಎರಡನೇ ಹಂತ ಆಗಿತ್ತೇ ಎಂದು ಹಳೆಯ ಚೀಟಿ ತೆಗೆದು ವೈದ್ಯರಿಗೆ ತೋರಿಸಬೇಕು. ಮೆಟ್ರೊನಿಡಜೋಲ್ ನಡೆಯುತ್ತಿರುವಾಗ ಮದ್ಯ ಕೂಡದು.

ಮಲಪರೀಕ್ಷೆ ಸೋಲುವುದು ಹೆಚ್ಚಾಗಿ ದಾರಿಯಲ್ಲಿ. ಅಮೀಬಾ ಚಲಿಸುವುದನ್ನು ಕಾಣಬೇಕಾದರೆ ಮಲ ಹೊರಬಂದ ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದಡಿ ಹೋಗಬೇಕು. ಮೂಡಿಗೆರೆ, ಸಕಲೇಶಪುರದ ಒಳಹಳ್ಳಿಯಿಂದ ಡಬ್ಬಿ ಹಿಡಿದು ಬಸ್ಸಿನಲ್ಲಿ ಎರಡು ಗಂಟೆ ಬಂದರೆ ಅದು ಸತ್ತು ಗುರುತೇ ಸಿಗುವುದಿಲ್ಲ. ವರದಿಯಲ್ಲಿ ‘ಇಲ್ಲ’ ಎಂದು ಬರುತ್ತದೆ. ಸಾಧ್ಯವಾದರೆ ಲ್ಯಾಬಿನಲ್ಲೇ ಕೊಡಿ. ಒಣಗಿದ, ಶುಚಿಯಾದ ಡಬ್ಬಿ, ಮೂತ್ರವಾಗಲಿ ನೀರಾಗಲಿ ಬೆರೆಯಬಾರದು, ಲೋಳೆ ರಕ್ತ ಇರುವ ಭಾಗವನ್ನೇ ತೆಗೆದುಕೊಳ್ಳಬೇಕು. ಬೇರೆ ಬೇರೆ ದಿನ ಮೂರು ಸಲ ನೋಡಿದರೆ ಸಿಗುವ ಸಾಧ್ಯತೆ ಹೆಚ್ಚು. ಇದಕ್ಕೆ ಉಲ್ಟಾ ತಪ್ಪೂ ಆಗುತ್ತದೆ. ಎಂಟಮೀಬಾ ಡಿಸ್ಪಾರ್ ಎಂಬ ನಿರುಪದ್ರವಿ ನೆಂಟನ ಕೋಶ ನೋಡಲು ಥೇಟ್ ಹಾಗೆಯೇ ಇರುತ್ತದೆ. ಕೋಶ ಕಂಡಿತೆಂದ ಮಾತ್ರಕ್ಕೆ ಕಾಯಿಲೆ ಅದರದ್ದೇ ಎನ್ನುವಂತಿಲ್ಲ. ಕೆಂಪು ರಕ್ತಕಣ ನುಂಗಿದ ಅಮೀಬಾ ಕಂಡರೆ, ಇಲ್ಲವೇ ಆಂಟಿಜೆನ್ ಪರೀಕ್ಷೆ ಹೌದೆಂದರೆ ಮಾತು ಗಟ್ಟಿ.

ಅಬ್ಬಿ ನೀರು ಶುದ್ಧವೆಂಬ ನಂಬಿಕೆ

ಗುಡ್ಡದ ಒರತೆಗೆ ಪೈಪು ಹಾಕಿ ಮನೆಗೆ ತಂದ ಅಬ್ಬಿ ನೀರು ತಣ್ಣಗೆ, ತಿಳಿಯಾಗಿ, ರುಚಿಯಾಗಿ ಇರುತ್ತದೆ. ಪಂಚಾಯಿತಿಯ ನೀರಿಗೆ ಬ್ಲೀಚಿಂಗ್ ವಾಸನೆ. ನೀರುಗಂಟಿ ಹೆಚ್ಚು ಹಾಕಿದರೆ ಬೈಗುಳ ತಿನ್ನುತ್ತಾನೆ, ಹಾಕದಿದ್ದರೆ ಕಾಯಿಲೆ ಬಂದಾಗ ಬೈಗುಳ. ಆದರೆ ತಿಳಿ ಎಂಬುದು ಕಣ್ಣಿನ ತೀರ್ಪು. ಒರತೆಯ ಮೇಲ್ಗಡೆ ಒಂದು ಶೌಚಗುಂಡಿ, ಬಯಲಿಗೆ ಹೋಗುವ ಜಾಗ ಅಥವಾ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲು ಮನೆಗಳ) ಚರಂಡಿ ಇದ್ದರೆ ಮುಂಗಾರಿನ ಮೊದಲ ಜೋರು ಮಳೆ ಅದನ್ನೆಲ್ಲ ಕೆಳಗಿಳಿಸುತ್ತದೆ. ಬಾವಿಗೂ ಶೌಚಗುಂಡಿಗೂ ಕಡೆಪಕ್ಷ 15 ಮೀಟರ್ ದೂರ, ಬಾವಿ ಮೇಲ್ದಂಡೆಯಲ್ಲಿ ಎಂಬ ನಿಯಮ ಇಳಿಜಾರಿನ ಊರಿಗೆ ಇನ್ನೂ ಬಿಗಿಯಾಗಿ ಸಲ್ಲುತ್ತದೆ.

ಶಿಗೆಲ್ಲಾ ಕ್ಲೋರಿನ್‌ಗೆ ಸಾಯುತ್ತದೆ. ಅಮೀಬಾದ ಕೋಶಕ್ಕೆ ಗಟ್ಟಿ ಚಿಪ್ಪು. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಅದಕ್ಕೆ ನಾಟುವುದಿಲ್ಲ. ಅದನ್ನು ಸೋಸಬೇಕು ಇಲ್ಲವೇ ಕುದಿಸಬೇಕು. ಕೋಶದ ಅಗಲ ಸುಮಾರು 10ರಿಂದ 20 ಮೈಕ್ರಾನ್, ಬಿರುಕಿಲ್ಲದ ಒಳ್ಳೆಯ ಸೆರಾಮಿಕ್ ಕ್ಯಾಂಡಲ್ ತಡೆಯಬಲ್ಲದು. ಕುದಿಸುವುದು ಎಲ್ಲಕ್ಕಿಂತ ಖಚಿತ. ಎತ್ತರದಲ್ಲಿ ನೀರು ಬೇಗ ಕುದಿಯುವುದರಿಂದ ರೋಗಾಣು ಸಾಯದು ಎಂಬ ಅನುಮಾನ ಕೆಲವರಿಗಿದೆ. ಚಿಕ್ಕಮಗಳೂರಿನ ಎತ್ತರದಲ್ಲಿ ನೀರು 96, 97 ಡಿಗ್ರಿಗೇ ಕುದಿಯುವುದು ನಿಜ, ಆದರೆ ಈ ರೋಗಾಣುಗಳಿಗೆ ಅಷ್ಟು ಬಿಸಿ ಧಾರಾಳ. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಸಾಕು. 3 ನಿಮಿಷ ಕುದಿಸಬೇಕೆಂಬ ಲೆಕ್ಕ 2,000 ಮೀಟರ್ ದಾಟಿದ ಊರುಗಳಿಗೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೂ ಅದಕ್ಕಿಂತ ಕೆಳಗೇ ಇದೆ.

ತೋಟದ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಸೇರಿನ ಅಂದಾಜು ಬೇಡ. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ 4ರಿಂದ ಭಾಗಿಸಿ; ಎಲ್ಲ ಮೀಟರಿನಲ್ಲಿ ಅಳೆದಿದ್ದರೆ ಬಂದದ್ದು ಸಾವಿರ ಲೀಟರ್‌ಗಳ ಲೆಕ್ಕ. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ 70 ಗ್ರಾಂ ಒಳ್ಳೆಯ ಪುಡಿ ಬೇಕು. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ತಳದ ಸುಣ್ಣ ಬಾವಿಗೆ ಬೇಡ, ನೀರು ಗಡಸಾಗುತ್ತದೆ. ಕನಿಷ್ಠ 1 ಗಂಟೆ ಮುಟ್ಟಬಾರದು.

ಇಷ್ಟು ಮಾಡಿಯೂ ಕೆಲಸ ಕೆಡುವುದು ಎರಡು ಕಡೆ. ಬಾಯಿ ತೆರೆದಿಟ್ಟ ಚೀಲದ ಪುಡಿ ಮಲೆನಾಡಿನ ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ. ಇನ್ನೊಂದು, ನೀರಿನಲ್ಲಿರುವ ಕೊಳೆ ಕ್ಲೋರಿನ್ನನ್ನು ತಾನೇ ತಿಂದುಹಾಕುತ್ತದೆ. ಮೊದಲ ಮಳೆಯ ಕೆಂಪು ನೀರು, ಡಿಸೆಂಬರ್‌ನಿಂದಾಚೆಗೆ ಹಳ್ಳಕ್ಕೆ ಬಿಡುವ ಕಾಫಿ ಪಲ್ಪರ್ ನೀರು ಸೇರಿದ ಕಡೆ ಅದೇ 2.5 ಗ್ರಾಂ ಸಾಲುವುದೇ ಇಲ್ಲ. ಆದ್ದರಿಂದ ಹಾಕಿದ್ದೆಷ್ಟು ಎಂಬುದಕ್ಕಿಂತ ಉಳಿದದ್ದೆಷ್ಟು ಎಂಬುದು ಮುಖ್ಯ. ಊರ ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಕುಡಿಯುವ ನೀರಿನ ಭಾರತೀಯ ಮಾನಕ ಹೇಳುತ್ತದೆ. ಮಲದ ಕಲ್ಮಶ ಸೇರಿದೆಯೇ ಎಂದು ನೋಡಲು ಎಚ್‌2ಎಸ್ ಬಾಟಲಿ ಇದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, 24ರಿಂದ 48 ಗಂಟೆ ಇಟ್ಟರೆ ಕಪ್ಪಾಗುವ ನೀರು ಕುಡಿಯಲು ಆಗದು. ಬಾವಿಗೆ ಪುಡಿ ಹಾಕಿದ ದಿನವೇ ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಕ್ಲೋರಿನ್ ಇಳಿದ ಮೇಲೆ ನೋಡಬೇಕು.

ನೀರೊಂದೇ ಶುದ್ಧವಾದರೂ ಶಿಗೆಲ್ಲಾ ನಿಲ್ಲದು. 10ರಿಂದ 100 ಬ್ಯಾಕ್ಟೀರಿಯಾಗಳೇ ಒಬ್ಬನನ್ನು ಮಲಗಿಸಲು ಸಾಕು. ಅಷ್ಟು ಉಗುರ ಸಂದಿಯಲ್ಲಿ, ಒಂದು ನೊಣದ ಕಾಲಿನಲ್ಲಿ ದಾಟುತ್ತದೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಗಳು ಹೊರ ಊರಿನ ಕಾರ್ಮಿಕರಿಂದ ತುಂಬುತ್ತವೆ. ಹಲವು ಮನೆಗೊಂದು ಶೌಚಾಲಯ, ಎಲ್ಲರೂ ಲೋಟ ಅದ್ದುವ ಒಂದೇ ಹಂಡೆ. ಅಲ್ಲಿ ಒಬ್ಬರಿಗೆ ಬಂದರೆ ವಾರದೊಳಗೆ ಸಾಲು ಮನೆಗೆ ಬರುತ್ತದೆ. ತೋಟದ ಮಾಲೀಕರು ಮಾಡಬಹುದಾದ ಅತಿ ಅಗ್ಗದ ಕೆಲಸ, ಹಂಡೆಯ ಜಾಗದಲ್ಲಿ ನಲ್ಲಿಯಿರುವ ಮುಚ್ಚಿದ ಡ್ರಮ್ ಇಡುವುದು, ಶೌಚಾಲಯದ ಬಾಗಿಲಲ್ಲೇ ಸೋಪು ಮತ್ತು ನೀರು ಸಿಗುವಂತೆ ಮಾಡುವುದು. ಕಾರ್ಮಿಕರ ಮಕ್ಕಳನ್ನು ಆಶಾ ಕಾರ್ಯಕರ್ತೆಯ ಪಟ್ಟಿಗೆ ಸೇರಿಸುವುದೂ ಅವರ ಹೊಣೆಯೇ.

ಯಾವಾಗ ಕಾಯಬಾರದು

5 ವರ್ಷದೊಳಗಿನ ಮಗುವಿನ ಮಲದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆ. ಯಾವ ವಯಸ್ಸೇ ಆಗಿರಲಿ, 6 ಗಂಟೆ ಮೂತ್ರವಿಲ್ಲದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಂಪರು ಕವಿದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ ತಡಮಾಡಬೇಡಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಎರಡನೇ ದಿನಕ್ಕೆ ಕಾಯಬಾರದು. ಮಕ್ಕಳಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ 14 ದಿನ ಕೊಡಿಸಬೇಕು: 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10. ಭೇದಿ ಮೂರನೇ ದಿನವೇ ನಿಂತರೂ 14 ದಿನ ಪೂರ್ತಿ. ಮುಂದಿನ ಎರಡು ಮೂರು ತಿಂಗಳಲ್ಲಿ ಮತ್ತೆ ಭೇದಿಯಾಗುವುದನ್ನು ಅದು ಕಡಿಮೆ ಮಾಡುತ್ತದೆ.

ನಿಂತ ಮೇಲೆ ಉಳಿಯುವುದು

ಶಿಗೆಲ್ಲಾ ಬಂದವರು ಗುಣವಾದ ಮೇಲೂ ಔಷಧಿ ಸರಿಯಾಗಿ ಆಗಿರದಿದ್ದರೆ ಒಂದರಿಂದ ನಾಲ್ಕು ವಾರ ಮಲದಲ್ಲಿ ರೋಗಾಣು ಬಿಡುತ್ತಲೇ ಇರಬಹುದು. ಹೋಂಸ್ಟೇ ಅಡುಗೆಯವರು, ಬಿಸಿಯೂಟ ಬೇಯಿಸುವವರು, ಅಂಗನವಾಡಿ ಸಹಾಯಕಿಯರು, ಜಾತ್ರೆ ಮದುವೆಗಳಲ್ಲಿ ಬಡಿಸುವವರು ಭೇದಿ ಪೂರ್ತಿ ನಿಂತು ಕನಿಷ್ಠ 2 ದಿನ ಕಳೆಯುವವರೆಗೆ ಅಡುಗೆ ಮುಟ್ಟಬಾರದು. ಆ ದಿನಗಳ ಕೂಲಿ ಕಡಿದರೆ ಅವರು ಕಾಯಿಲೆ ಮುಚ್ಚಿಟ್ಟು ಒಲೆಯ ಮುಂದೆ ಬಂದು ನಿಲ್ಲುತ್ತಾರೆ. ಕೆಲಸ ಕೊಟ್ಟವರು ಆ ಎರಡು ದಿನದ ಕೂಲಿ ಕೊಟ್ಟೇ ಮನೆಗೆ ಕಳಿಸಬೇಕು.

ಅಮೀಬಾ ಬಂದು ಹೋದವರು ಇನ್ನೊಂದನ್ನು ನೆನಪಿಟ್ಟುಕೊಳ್ಳಬೇಕು. ಅದು ಕರುಳಿನ ರಕ್ತನಾಳ ಹಿಡಿದು ಪಿತ್ತಜನಕಾಂಗಕ್ಕೆ ಹೋಗಿ ಅಲ್ಲಿ ಕೀವುಗುಳ್ಳೆ ಮಾಡಬಲ್ಲದು, ದೊಡ್ಡ ಗಂಡಸರಲ್ಲಿ ಇದು ಹೆಚ್ಚು. ವಾರಗಳೋ ತಿಂಗಳುಗಳೋ ಕಳೆದಿರುತ್ತವೆ. ಆ ಹೊತ್ತಿಗೆ ಬಹಳ ಜನರಲ್ಲಿ ಭೇದಿ ಇರುವುದೇ ಇಲ್ಲ, ಮಲಪರೀಕ್ಷೆಯಲ್ಲೂ ಏನೂ ಸಿಗದು. ಬಲ ಪಕ್ಕೆಯ ಕೆಳಗೆ ನೋವು, ಕೆಮ್ಮಿದರೆ ಅದು ಬಲ ಭುಜಕ್ಕೆ ಹೊಡೆಯುವುದು, ಸಂಜೆಯ ಹೊತ್ತು ಚಳಿಜ್ವರ, ಊಟ ಸೇರದಿರುವುದು ಕಂಡರೆ ಹಿಂದೆ ಆಮಶಂಕೆಯಾಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ, ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿಕೊಳ್ಳಬೇಕು.